ಸವೆದ ಹಲ್ಲುಗಳ ಪುನರ್ರಚನೆ

ಬಾಯಿಯ ಬಹುಪಾಲು ಹಲ್ಲುಗಳು ತೀವ್ರವಾಗಿ ಸವೆದಾಗ ಅವುಗಳ ಆಕಾರ, ಎತ್ತರ ಹಾಗೂ ಮೇಲಿನ ಮತ್ತು ಕೆಳಗಿನ ಸಾಲುಗಳ ಹೊಂದಾಣಿಕೆಯನ್ನು ಮರಳಿ ಕಟ್ಟುವ ದಂತಚಿಕಿತ್ಸೆ. ಹಲ್ಲಿನ ಹೊರಪದರವಾದ ಎನಾಮೆಲ್ ದೇಹದಲ್ಲೇ ಅತ್ಯಂತ ಗಟ್ಟಿಯಾದುದು. ಆದರೆ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವುದು, ಹುಳಿ ಪಾನೀಯ, ಪದೇ ಪದೇ ಬರುವ ಹುಳಿತೇಗು ಸವೆತದ ಮುಖ್ಯ ಕಾರಣಗಳು. ಇದ್ದಿಲಿನಿಂದ ಹಲ್ಲುಜ್ಜುವ ರೂಢಿ, ವರ್ಷಗಟ್ಟಲೆ ಅಡಿಕೆ ಅಗಿಯುವ ಅಭ್ಯಾಸ ನಮ್ಮಲ್ಲಿ ಇವುಗಳ ಜೊತೆ ಸೇರುತ್ತವೆ.

ಡೆಟ್ರಾಯಿಟ್‌ನ ಚಾರ್ಲ್ಸ್ ಲ್ಯಾಂಡ್ ರೂಪಿಸಿದ ಪಿಂಗಾಣಿ ಕ್ಯಾಪ್, 1907ರಲ್ಲಿ ವಿಲಿಯಂ ಟ್ಯಾಗರ್ಟ್ ಪ್ರಚಾರಕ್ಕೆ ತಂದ ಮೇಣದಚ್ಚಿನ ಚಿನ್ನದ ಎರಕ, ಇವೆರಡೂ ಬಿಡಿ ಹಲ್ಲನ್ನು ನಿಖರವಾಗಿ ಕಟ್ಟಿಕೊಟ್ಟವು. ಇಡೀ ಬಾಯಿಯನ್ನು ಒಂದೇ ಯಂತ್ರವಾಗಿ ಕಂಡವರು ಕ್ಯಾಲಿಫೋರ್ನಿಯಾದ ಬೆವರ್ಲಿ ಮೆಕಾಲಮ್ ಮತ್ತು ಸಂಗಡಿಗರು. 1926ರಲ್ಲಿ ಸಂಘ ಕಟ್ಟಿ, ದವಡೆಯ ಕೀಲು ತಿರುಗುವ ಅಕ್ಷವನ್ನು ಗುರುತಿಸಿ, ಆ ಚಲನೆಯನ್ನು ಉಪಕರಣದ ಮೇಲೆ ಮರುರೂಪಿಸಿದರು. ದೃಷ್ಟಿ ದೊಡ್ಡದು, ಆದರೆ ಆ ಕಾಲದ ವಿಧಾನಕ್ಕೆ ಉಳಿದಿದ್ದ ಹಲ್ಲನ್ನೂ ಸುತ್ತಲೂ ಅರೆದು ಕ್ಯಾಪ್ ತೊಡಿಸಬೇಕಿತ್ತು.

ಇನ್ನೊಂದು ತೊಡಕು ಜಾಗದ್ದು. ಹಲ್ಲು ನಿಧಾನವಾಗಿ ಸವೆಯುತ್ತಿದ್ದಂತೆ ಅದನ್ನು ಹಿಡಿದಿರುವ ಮೂಳೆಯೂ ಜೊತೆಯಲ್ಲೇ ಬೆಳೆಯುವುದರಿಂದ ಎದುರು ಹಲ್ಲುಗಳು ತಾಗಿಯೇ ಇರುತ್ತವೆ. ಕಳೆದುಹೋದ ಎತ್ತರವನ್ನು ತುಂಬಲು ಎಡೆಯೇ ಇರುವುದಿಲ್ಲ. ನಾರ್ವೆಯ ಬ್ಯೋರ್ನ್ ಡಾಲ್ 1975ರಲ್ಲಿ ತೋರಿಸಿದ ಉಪಾಯ ಈ ಇತಿಹಾಸದ ಅತ್ಯಂತ ಸೊಗಸಾದ ಘಟ್ಟ. ಮೇಲಿನ ಮುಂಭಾಗದ ಹಲ್ಲುಗಳ ಒಳಬದಿಗೆ ಲೋಹದ ತೆಳು ತಟ್ಟೆ ಇಟ್ಟಾಗ ಹಿಂದಿನ ಹಲ್ಲುಗಳು ಒಂದನ್ನೊಂದು ಮುಟ್ಟದೆ ನಿಂತವು. ತಿಂಗಳುಗಳು ಕಳೆದಂತೆ ಅವು ತಾವೇ ಒಂದರತ್ತ ಒಂದು ಬೆಳೆದು ಕೂಡಿಕೊಂಡವು. ತಟ್ಟೆ ತೆಗೆದಾಗ ಸವೆದ ಮುಂದಿನ ಹಲ್ಲುಗಳನ್ನು ಕಟ್ಟಲು ಜಾಗ ಸಿಕ್ಕಿತ್ತು, ಒಂದು ಹಲ್ಲನ್ನೂ ಅರೆಯದೆ. 1984ರಲ್ಲಿ ಟರ್ನರ್ ಮತ್ತು ಮಿಸಿರ್ಲಿಯನ್ ಎತ್ತರದ ನಷ್ಟ ಹಾಗೂ ಲಭ್ಯ ಜಾಗವನ್ನು ಆಧರಿಸಿ ರೋಗಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಈ ವಿಂಗಡಣೆ ಈಗಲೂ ಬಳಕೆಯಲ್ಲಿದೆ.

ಅರೆಯುವುದನ್ನು ಕಡಿಮೆ ಮಾಡಿದ್ದು ಅಂಟಿಸುವ ವಿದ್ಯೆ. ಎನಾಮೆಲ್ ಮೇಲೆ ಫಾಸ್ಫಾರಿಕ್ ಆಮ್ಲ ಹಚ್ಚಿದರೆ ರಾಳ ಗಟ್ಟಿಯಾಗಿ ಹಿಡಿಯುತ್ತದೆಂದು ಮೈಕೆಲ್ ಬ್ಯೂನೋಕೋರ್ 1955ರಲ್ಲಿ ತೋರಿಸಿದ. ಇದೇ ಹಾದಿಯಲ್ಲಿ ಜಿನೀವಾದ ವೈಲಾಟಿ ಮತ್ತು ಬೆಲ್ಸರ್ 2008ರಲ್ಲಿ ಪ್ರಕಟಿಸಿದ ಮೂರು ಹಂತದ ಕ್ರಮ, ಆಮ್ಲದಿಂದ ಸವೆದ ಇಡೀ ಬಾಯಿಯನ್ನು ಹೆಚ್ಚಾಗಿ ಅಂಟಿಸಿಯೇ ಸರಿಪಡಿಸುತ್ತದೆ.

ಸವೆತದ ಕಾರಣವನ್ನು ಮೊದಲು ಹಿಡಿಯದಿದ್ದರೆ ಯಾವ ವಿಧಾನವೂ ಬಾಳದು. ರಾತ್ರಿ ಹಲ್ಲು ಕಡಿಯುವವರು ರಕ್ಷಣಾ ತಟ್ಟೆ ಧರಿಸದೇ ಹೋದರೆ ಹೊಸ ಪಿಂಗಾಣಿಯೂ ಒಡೆಯಬಹುದು.