ಇಟಗಿಯ ಮಾಳಿಗೆ ಮನೆಗಳು

ಕೊಪ್ಪಳ ಜಿಲ್ಲೆಯ ಇಟಗಿ ಎಂದರೆ ಎಲ್ಲರಿಗೂ ನೆನಪಾಗುವುದು ಮಹಾದೇವ ದೇವಾಲಯ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಇದನ್ನು ಕಟ್ಟಿಸಿದ. ಅಲ್ಲಿಯ ಶಾಸನ ಈ ಗುಡಿಯನ್ನು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದೆ. ಬಳಪದ ಕಲ್ಲಿನಲ್ಲಿ ಕಡೆದ ಕಂಬಗಳ ಮುಂದೆ ನಿಂತರೆ ಆ ಹೊಗಳಿಕೆ ಹೆಚ್ಚೆನಿಸುವುದಿಲ್ಲ. ಆದರೆ ಬನ್ನಿಕೊಪ್ಪದಲ್ಲಿ ರೈಲು ಇಳಿದು ಬರುವವರು, ಕುಕನೂರಿನಿಂದ ಬಸ್ಸಿನಲ್ಲಿ ಬರುವವರು ಗುಡಿ, ಪುಷ್ಕರಣಿ ನೋಡಿಕೊಂಡು ಹಾಗೇ ಹಿಂದಿರುಗುತ್ತಾರೆ. ಊರೊಳಗಿನ ಓಣಿಗಳಲ್ಲಿ ಅಡ್ಡಾಡುವವರು ಕಡಿಮೆ. ಗುಡಿಯನ್ನು ಕಾಯಲು ಸರ್ಕಾರವಿದೆ. ಓಣಿಯ ಹಳೆಯ ಮನೆಗಳನ್ನು ಕಾಯಬೇಕಾದವರು ಅವುಗಳಲ್ಲಿ ಸಂಸಾರ ಮಾಡುವವರೇ. ಅಂಥ ಮನೆಯೊಂದನ್ನು ಕೊಂಡು ಬಾಳುವೆ ಮಾಡುವವರು ಊರಿಗೆ ದೊಡ್ಡ ಉಪಕಾರ ಮಾಡುತ್ತಾರೆ ಎಂದು ನಾನು ನಂಬಿದ್ದೇನೆ.

ಇದು ಹಿಂದಿನ ಬೆಳ್ವೊಲ ಸೀಮೆ. ಎರೆ ನೆಲ, ಜೋಳ, ಕಡಲೆ. ಈ ಸೀಮೆಯ ಮನೆಗೂ ಬೇಕಾದದ್ದೆಲ್ಲ ಈ ನೆಲದಿಂದಲೇ ಬಂತು. ಕಲ್ಲು-ಕೆಸರಿನ ದಪ್ಪ ಗೋಡೆ, ಬೇವು ಜಾಲಿಯ ತೊಲೆ, ಮೇಲೆ ಮಣ್ಣಿನ ಮಾಳಿಗೆ. ಬಾಗಿಲ ಎರಡೂ ಬದಿ ಕಟ್ಟೆ. ಒಳಗೆ ಕಾಲಿಟ್ಟರೆ ಮೊದಲು ದನ ಕಟ್ಟುವ ಜಾಗ, ಅಲ್ಲಿಂದ ಮೆಟ್ಟಿಲೇರಿದರೆ ಪಡಸಾಲೆ, ಹಿಂದೆ ದೇವರ ಕೋಣೆ, ಅಡಿಗೆಮನೆ, ಮೂಲೆಯಲ್ಲಿ ಬಚ್ಚಲು. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಮನೆಯ ಅಳತೆ ಹೇಳುವುದು ಅಂಕಣದ, ಎಂದರೆ ಕಂಬದಿಂದ ಕಂಬದವರೆಗಿನ ಜಾಗದ, ಲೆಕ್ಕದಲ್ಲಿ. ಆರು ಅಂಕಣದ ಮನೆ ಎಂದರೆ ಮಧ್ಯಮ ಕುಟುಂಬಕ್ಕೆ ಧಾರಾಳ.

ಮಾಳಿಗೆಯನ್ನು ಮಾತ್ರ ಹತ್ತಿ ನೋಡಲೇಬೇಕು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಜಂತಿಗೆ ಅಡ್ಡಲಾಗಿ ಸೀಳುಕಟ್ಟಿಗೆ ಜೋಡಿಸಿ, ಸೊಪ್ಪು ಹಾಸಿ, ಮಣ್ಣು ತುಳಿದು ಗಟ್ಟಿ ಮಾಡುತ್ತಾರೆ. ಕೊನೆಯ ಪದರ ಸವಳು ಮಣ್ಣು. ಹೊಲದಲ್ಲಿ ಬೆಳೆಗೆ ಶತ್ರುವಾದ ಈ ಮಣ್ಣು ಮಾಳಿಗೆಯ ಮೇಲೆ ಮಿತ್ರ. ಅದರಲ್ಲಿನ ಸೋಡಿಯಂ ಉಪ್ಪಿನಿಂದಾಗಿ ಮೊದಲ ಮಳೆಗೇ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯದೆ ಅದನ್ನು ಹೊರಹಾಕುವ ದೋಣಿಯ ಕಡೆ ಹರಿಯುತ್ತದೆ, ಹುಲ್ಲೂ ಸುಲಭಕ್ಕೆ ಹುಟ್ಟುವುದಿಲ್ಲ. ಮುಂಗಾರಿಗೆ ಮುಂಚೆ ಒಂದು ಪದರ ಹೊಸ ಮಣ್ಣು ಹಾಕಿದರೆ ಆಯಿತು. ಹಳೆಯದನ್ನು ಕೆರೆದು ತೆಗೆಯದೆ ವರ್ಷವರ್ಷವೂ ಹೊಸದನ್ನೇ ಪೇರಿಸಿದ ಮನೆಗಳಲ್ಲಿ ಭಾರಕ್ಕೆ ತೊಲೆ ಬಾಗಿರುತ್ತದೆ. ಕೊಳ್ಳುವವರು ಪಡಸಾಲೆಯಲ್ಲಿ ನಿಂತು ಮೊದಲು ತಲೆ ಎತ್ತಿ ನೋಡಬೇಕಾದದ್ದು ಇದನ್ನೇ. ಆಮೇಲೆ ತೊಲೆಯ ತುದಿ ಗೋಡೆಯೊಳಗೆ ಹೋಗುವ ಕಡೆ ಗೆದ್ದಲು ಹಿಡಿದಿದೆಯೇ ಎಂದು ಕುಟ್ಟಿ ನೋಡಬೇಕು.

2009ರ ಸೆಪ್ಟೆಂಬರ್ ಕೊನೆಯಲ್ಲಿ ಶುರುವಾದ ಮಳೆ ಅಕ್ಟೋಬರ್ ಮೊದಲ ದಿನಗಳವರೆಗೂ ಬಿಡದೆ ಸುರಿದಾಗ ಉತ್ತರ ಕರ್ನಾಟಕದ ಉದ್ದಗಲಕ್ಕೂ ಮಣ್ಣಿನ ಮನೆಗಳು ಬಿದ್ದವು. ಕೊಪ್ಪಳ ಜಿಲ್ಲೆಯೂ ಅದರಲ್ಲಿ ನೊಂದಿತು. ಮಣ್ಣಿನ ಮನೆಯ ಮೇಲಿನ ನಂಬಿಕೆ ಹಳ್ಳಿಗಳಲ್ಲಿ ಆಗ ಅಲುಗಿತು. ತಗಡು, ಆರ್‌ಸಿಸಿ ಬಂದವು. ಹೆದರಿದವರನ್ನು ನಾನು ದೂರುವುದಿಲ್ಲ. ಆದರೆ ಬುಡಕ್ಕೆ ನೀರು ನಿಲ್ಲದಂತೆ, ಮಾಳಿಗೆ ಬಿರಿಯದಂತೆ ನೋಡಿಕೊಂಡ ಕಲ್ಲುಗೋಡೆಯ ಮನೆ ಬಾಳುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಕೆಳಗೆ ಕೂತವರಿಗೆ ಅದರ ಬೆಲೆ ಗೊತ್ತು.

ಓಣಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡೇ ನಿಂತಿರುತ್ತವೆ. ‘ಯಜಮಾನ್ರ, ಈ ನಡುಗ್ವಾಡಿ ಯಾರದ್ರಿ?’ ಎಂದು ಕೇಳಿದರೆ, ‘ಇಬ್ಬರದೂ ಐತ್ರಿ. ಅವರ ಜಂತಿನೂ ಇದರ ಮ್ಯಾಲ, ನಮ್ಮ ಜಂತಿನೂ ಇದರ ಮ್ಯಾಲ’ ಎಂಬ ಉತ್ತರ ಬರುತ್ತದೆ. ಖರೀದಿ ಪತ್ರದ ಚಕ್ಕುಬಂದಿಯಲ್ಲಿ ಈ ಮಾತು ಬರೆಯಿಸದಿದ್ದರೆ ಮುಂದೆ ಜಗಳ ಖಂಡಿತ. ಕೊಳ್ಳುವ ಮುಂಚೆ ಗೋಡೆ ಪರೀಕ್ಷಿಸಲು ವಯಸ್ಸಾದ ಗೌಂಡಿಯೊಬ್ಬರನ್ನು ಕರೆದೊಯ್ದರೆ ಸಾಕು. ಗೋಡೆ ಹೊಟ್ಟೆ ಬಿಟ್ಟಿದ್ದು ಅವರ ಕಣ್ಣಿಗೆ ತಪ್ಪುವುದಿಲ್ಲ.

ಇಟಗಿಯಲ್ಲಿ ಇನ್ನೊಂದು ಅಳತೆಯೂ ಇದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದೊಳಗೆ ಹೊಸ ಮನೆ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೆ ಮುಂಚಿನ ಮನೆಯಾದರೆ ಅನುಮತಿ ಪಡೆದು ದುರಸ್ತಿ ಮಾಡಬಹುದು. ಕೆಡವಿ ಕಟ್ಟುವ ಆಸೆಯಿದ್ದವರಿಗೆ ಇದು ಅಡ್ಡಿ. ಇದ್ದದ್ದನ್ನು ಉಳಿಸಿಕೊಂಡು ಬಾಳುವವರಿಗೆ ಇದೇ ವರ. ಪಕ್ಕದಲ್ಲಿ ಮೂರಂತಸ್ತಿನ ಕಟ್ಟಡ ಎದ್ದು ಬೆಳಕಿಂಡಿ ಮುಚ್ಚುವ ಭಯ ಇರುವುದಿಲ್ಲ.

ಕಾಗದಪತ್ರ ಬಿಚ್ಚಿದರೆ ಊರ ಚರಿತ್ರೆಯೇ ಹೊರಬೀಳುತ್ತದೆ. 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆ, ಅವರ ದಫ್ತರಿನ ಉರ್ದು. 1956ರಿಂದ ಮೈಸೂರು ರಾಜ್ಯ, ರಾಯಚೂರು ಜಿಲ್ಲೆ, ಯಲಬುರ್ಗಾ ತಾಲ್ಲೂಕು. 1998ರಿಂದ ಕೊಪ್ಪಳ ಜಿಲ್ಲೆ, ಈಚೆಗೆ ಕುಕನೂರು ತಾಲ್ಲೂಕು. ಈಗ ಪಂಚಾಯಿತಿಯಿಂದ ಇ-ಸ್ವತ್ತಿನ ನಮೂನೆ 9 ಮತ್ತು 11 ಇಲ್ಲದೆ ನೋಂದಣಿ ಮುಂದುವರಿಯುವುದಿಲ್ಲ. ಅದಕ್ಕಿಂತ ಮುಖ್ಯ, ಮನೆ ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳಿಗೂ ಸಮಪಾಲು. ಅಣ್ಣತಮ್ಮಂದಿರ ಸಹಿಯಷ್ಟೇ ನಂಬಿ ಹಣ ಎಣಿಸಬಾರದು. ನಾಗರ ಪಂಚಮಿಗೆ ಅಕ್ಕತಂಗಿಯರೆಲ್ಲ ತವರಿಗೆ ಬಂದಿರುತ್ತಾರೆ. ಆಗ ಹೋಗಿ, ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ಮಾತು ಮುಗಿಸುವುದು ಒಳ್ಳೆಯದು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಮಾಳಿಗೆ ಎಲ್ಲಿ ಸೋರುತ್ತದೆ ಎಂಬುದೂ ಅಲ್ಲೇ ಕೂತವರಿಗೆ ತಿಳಿಯುತ್ತದೆ.