ಹೂವಿನ ಬೀಜದಿಂದ ಹಬ್ಬಿದ ಕಸುಬು

ತುಂಗಭದ್ರೆಯ ದಂಡೆಯ ಕುಮಾರಪಟ್ಟಣವನ್ನು 1970ರ ದಶಕದಲ್ಲಿ ಅಲ್ಲಿ ನೆಲೆಗೊಂಡ ಕೃತಕ ನಾರಿನ ಕಾರ್ಖಾನೆಯಿಂದ, ಬ್ಯಾಡಗಿಯನ್ನು ಮೆಣಸಿನಕಾಯಿಯಿಂದ, ಹಾವೇರಿಯನ್ನು ಏಲಕ್ಕಿ ಹಾರದಿಂದ ನಾಡು ಗುರುತಿಸುತ್ತದೆ. ಇದೇ ಸೀಮೆಯ ರಾಣೆಬೆನ್ನೂರಿನ ಹೊಲಗಳಲ್ಲಿ ಬೇರೂರಿದ ಸಂಕರ ಬೀಜೋತ್ಪಾದನೆಯೂ ಅಷ್ಟೇ ಗಣ್ಯವಾದ ಕಸುಬಾಗಿದ್ದು, ಅದರ ಚರಿತ್ರೆಯನ್ನು ಹಿಂದಕ್ಕೆ ಹಿಡಿದು ಹೋದರೆ ತರಕಾರಿಗಿಂತ ಮೊದಲು ಒಂದು ಹೂವು ಎದುರಾಗುತ್ತದೆ.

ದಕ್ಷಿಣ ಅಮೆರಿಕ ಮೂಲದ ಪೆಟೂನಿಯಾ ಬೆಚ್ಚನೆಯ ನೆಲದಲ್ಲಿ ಬಹುವಾರ್ಷಿಕ, ಅಂದರೆ ಒಂದೇ ಬುಡದಿಂದ ಒಂದಕ್ಕಿಂತ ಹೆಚ್ಚು ವರ್ಷ ಚಿಗುರಬಲ್ಲ ಗಿಡ. ಚಳಿಯ ದೇಶಗಳಲ್ಲಿ ಅದು ಹಿಮಕ್ಕೆ ಸಾಯುವುದರಿಂದ ಅಲ್ಲಿನ ತೋಟಗಾರರು ಪ್ರತಿವರ್ಷ ಹೊಸ ಬೀಜ ಕೊಳ್ಳಬೇಕಾಯಿತು. 1930ರ ದಶಕದಲ್ಲಿ ಜಪಾನಿನ ಸಕಾಟ ಸಂಸ್ಥೆ ಪ್ರತಿ ಗಿಡದಲ್ಲೂ ಸುತ್ತುಸುತ್ತಾದ ಎಸಳುಗಳ ಹೂ ಬಿಡುವ ಪೆಟೂನಿಯಾ ಬೀಜವನ್ನು ಮಾರುಕಟ್ಟೆಗೆ ತಂದಾಗ ಅದರ ಬೆಲೆ ಚಿನ್ನದ ಬೆಲೆಯನ್ನೂ ಮೀರಿತ್ತು. ಅಂಥ ಬೀಜದ ಹಿಂದೆ ಅಪಾರ ಕೈಕೆಲಸವಿರುತ್ತದೆ. ಎಫ್-1 ಎಂದು ಕರೆಯುವ ಮೊದಲ ತಲೆಮಾರಿನ ಸಂಕರ ಬೀಜ ಬೇಕೆಂದರೆ, ಹೆಣ್ಣು ಸಾಲಿನ ಗಿಡದ ಮೊಗ್ಗನ್ನು ಅರಳುವ ಮೊದಲೇ ಬಿಡಿಸಿ, ಕೇಸರಗಳನ್ನು ಚಿಮಟದಿಂದ ಕಿತ್ತು, ಶಲಾಕಾಗ್ರ ಎಂಬ ಹೂವಿನ ಅಂಟು ತುದಿಗೆ ಗಂಡು ಸಾಲಿನ ಪರಾಗವನ್ನು ಮುಟ್ಟಿಸಬೇಕು. ಒಂದು ಮೊಗ್ಗು ತಪ್ಪಿ ಸ್ವಂತ ಪರಾಗದಿಂದ ಕಾಯಿ ಕಟ್ಟಿದರೂ ಬೀಜದ ಶುದ್ಧತೆ ಕೆಡುತ್ತದೆ.

ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ ಈ ಕುಶಲ ಕೆಲಸವನ್ನೇ ನೆಚ್ಚಿ, ಪೆಟೂನಿಯಾದಂಥ ಹೂಗಳ ಸಂಕರ ಬೀಜವನ್ನು ಹೊರದೇಶಗಳಿಗೆ ಕಳುಹಿಸತೊಡಗಿತು. ಹೂವಿನಲ್ಲಿ ಪಳಗಿದ ಕೈ ತರಕಾರಿಗೆ ಹೊರಳಲು ತಡವಾಗಲಿಲ್ಲ: 1973ರಲ್ಲಿ ಅದೇ ಸಂಸ್ಥೆಯಿಂದ ‘ಕರ್ನಾಟಕ’ ಎಂಬ ಸಂಕರ ಟೊಮೆಟೊ ಮತ್ತು ‘ಭಾರತ್’ ಎಂಬ ದೊಣ್ಣೆಮೆಣಸಿನಕಾಯಿ ಹೊರಬಂದವು. ಅದಕ್ಕೂ ಒಂದು ವರ್ಷ ಮೊದಲು ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ರೂಪಿಸಿದ ‘ವರಲಕ್ಷ್ಮಿ’ ಸಂಕರ ಹತ್ತಿಯೂ ಕೈಯಿಂದಲೇ ಪರಾಗ ಮುಟ್ಟಿಸಿ ಪಡೆಯಬೇಕಾದ ಬೀಜವಾಗಿತ್ತು. ಮುಂದಿನ ವರ್ಷಗಳಲ್ಲಿ ತರಕಾರಿ, ಹತ್ತಿ ಎರಡೂ ಬಗೆಯ ಬೀಜೋತ್ಪಾದನೆಗೆ ರಾಣೆಬೆನ್ನೂರು ಸೀಮೆಯ ಸಣ್ಣ ಹಿಡುವಳಿಗಳು ಒದಗಿಬಂದವು. ಹೂ ಅರಳುವ ಹೊತ್ತಿನ ಒಣ ಹವೆ ಪರಾಗವನ್ನು ಕಾಪಾಡಿತು, ಅರ್ಧ ಎಕರೆಗೂ ಕಡಿಮೆಯ ಪ್ಲಾಟಿನಲ್ಲಿ ಇಡೀ ಕುಟುಂಬಕ್ಕೆ ಕೆಲಸ ದೊರೆಯಿತು. 1988ರ ಹೊಸ ಬೀಜ ನೀತಿ ಖಾಸಗಿ ಮತ್ತು ವಿದೇಶೀ ಕಂಪನಿಗಳಿಗೆ ದಾರಿ ಸಡಿಲಿಸಿದ ಮೇಲೆ ಕಸುಬು ಇನ್ನಷ್ಟು ಹಬ್ಬಿತು.

ಹೊಲದಲ್ಲಿ ‘ಕ್ರಾಸಿಂಗ್’ ಎಂದೇ ಕರೆಯಲಾಗುವ ಈ ಕೆಲಸದ ದೊಡ್ಡ ಪಾಲು ಹೆಂಗಸರದು. ಬೀಜೋದ್ಯಮದ ಚರಿತ್ರೆಯಲ್ಲಿ ತಳಿಶಾಸ್ತ್ರಜ್ಞರ ಮತ್ತು ಸಂಸ್ಥಾಪಕರ ಹೆಸರುಗಳು ಉಳಿದಿವೆ. ಬಿಸಿಲೇರುವ ಮುನ್ನ ಸಾವಿರಾರು ಮೊಗ್ಗುಗಳನ್ನು ಒಂದೊಂದಾಗಿ ಬಿಡಿಸಿದವರ ಹೆಸರುಗಳು ದಾಖಲಾಗಿರುವುದು ಅಪರೂಪವೆಂಬುದು ಆ ಚರಿತ್ರೆಯ ದೊಡ್ಡ ಕೊರತೆ. ಜನಕ ತಳಿಗಳು, ಅಂದರೆ ಸಂಕರಕ್ಕೆ ಬಳಸುವ ಗಂಡು ಮತ್ತು ಹೆಣ್ಣು ಮೂಲಗಳು, ಕಂಪನಿಯ ವಶದಲ್ಲೇ ಇರುವುದರಿಂದ ಬೀಜ ಹುಟ್ಟಿಸಿದವರು ಅದನ್ನು ತಮ್ಮದಾಗಿಸಿಕೊಳ್ಳಲಾರರು.

ಕಡಿಮೆ ಖರ್ಚಿನಲ್ಲಿ ಹೂದೋಟ ಕಟ್ಟುವವರಿಗೂ ಸಂಕರ ಬೀಜ ಆಸರೆಯಾಗುವುದಿಲ್ಲ, ಏಕೆಂದರೆ ಅದರ ಗಿಡದಿಂದ ಕಾಯ್ದಿಟ್ಟ ಬೀಜ ಎರಡನೆಯ ತಲೆಮಾರಿನಲ್ಲಿ ಬಣ್ಣ, ಎತ್ತರ, ಎಸಳುಗಳಲ್ಲಿ ಚದುರಿಹೋಗುತ್ತದೆ. ಹಿತ್ತಲಿನ ಕನಕಾಂಬರ ಇದಕ್ಕಿಂತ ಉದಾರಿ: ಈ ಬಹುವಾರ್ಷಿಕದ ಒಣಗಿದ ಕಾಯಿ ನೀರು ತಾಗಿದೊಡನೆ ಸಿಡಿದು ಬೀಜ ಚಿಮ್ಮಿಸುವುದರಿಂದ, ತೆನೆಯನ್ನು ಮೊದಲೇ ಬಟ್ಟೆಯಲ್ಲಿ ಕಟ್ಟಿ ಬೀಜ ಕೂಡಿಸಿದರೆ ಮುಂದಿನ ಮಡಿಗೆ ಕಾಸು ಬೇಕಿಲ್ಲ. ಆದರೆ ಅದರಲ್ಲಿಯೂ ‘ದೆಹಲಿ’ ಎಂಬ ತಳಿ ತ್ರಿಗುಣಿತ, ಎಂದರೆ ವರ್ಣತಂತುಗಳ ಮೂರು ಗಣಗಳುಳ್ಳದ್ದು. ಬೀಜ ಕಟ್ಟದ ಅದನ್ನು ಬೆಳೆಗಾರರು ಕಡ್ಡಿ ನೆಟ್ಟು ಹೆಚ್ಚಿಸುತ್ತಾರೆ.