ಮೊಳೆಯಿಲ್ಲದ ಹಡಗು

ನಮ್ಮ ಬಾಬುರಾಯನಕೊಪ್ಪಲಿಗೆ ಸಮುದ್ರ ದೂರ. ಇಲ್ಲಿಯವರಿಗೆ ಪರಿಚಯವಿರುವುದು ಕಾವೇರಿಯ ಹರಿಗೋಲು. ಅದರ ಬಿದಿರಿನ ಹೆಣಿಗೆಯನ್ನು ಗಮನಿಸಿದ್ದೀರಾ? ಎಲ್ಲೂ ಮೊಳೆಯಿಲ್ಲ. ಬಂಡೆಗೆ ತಗುಲಿದರೆ ಬಳುಕುತ್ತದೆ, ಸುಲಭವಾಗಿ ಮುರಿಯುವುದಿಲ್ಲ. ಕಡಲು ದಾಟುವ ಹಡಗನ್ನೂ ಹೀಗೆ ಮೊಳೆಯಿಲ್ಲದೆ ಕಟ್ಟಬಹುದೆಂದರೆ ನಂಬುವಿರಾ?

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಅಂಥದೊಂದು ಹಾಯಿಹಡಗು ಭಾರತೀಯ ನೌಕಾಪಡೆಯನ್ನು ಸೇರಿತು. ಹೆಸರು 'ಕೌಂಡಿನ್ಯ'. ಭಾರತದಿಂದ ಸಮುದ್ರಮಾರ್ಗವಾಗಿ ಹೋಗಿ ಮೆಕಾಂಗ್ ನದಿಯ ಸೀಮೆಯಲ್ಲಿ ನೆಲೆಸಿದನೆಂದು ಐತಿಹ್ಯ ಹೇಳುವ ವಲಸಿಗನ ಹೆಸರದು. ಹಾಯಿಯ ಮೇಲಿರುವುದು ಕನ್ನಡಿಗರಿಗೆ ಚಿರಪರಿಚಿತವಾದ ಗಂಡಭೇರುಂಡ!

ವಲಸೆಯ ನೆನಪಿಗೆಂದು ಹಳೆಯ ಹಡಗನ್ನು ಕಾಪಾಡುವುದು ಹೊರದೇಶಗಳಲ್ಲಿ ಹೊಸತಲ್ಲ. 1864ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ 'ಸಿಟಿ ಆಫ್ ಅಡಿಲೇಡ್' 23 ಬಾರಿ ದಕ್ಷಿಣ ಆಸ್ಟ್ರೇಲಿಯಕ್ಕೆ ಹೋಗಿಬಂದು ಅಲ್ಲಿಗೆ ವಲಸಿಗರನ್ನು ಒಯ್ದಿತ್ತು. 1991ರಲ್ಲಿ ಗ್ಲಾಸ್ಗೋದಲ್ಲಿ ಮುಳುಗಿದ ಅದನ್ನು ಮೇಲೆತ್ತಿ ಉಳಿಸಿಕೊಂಡರು. 2014ರಲ್ಲಿ ಅದು ಪೋರ್ಟ್ ಅಡಿಲೇಡ್ ತಲುಪಿತು. ಅದರ ಮರದ ಹಲಗೆಗಳ ಒಳಗೆ ಕಬ್ಬಿಣದ ಚೌಕಟ್ಟಿದೆ.

ನಮ್ಮ ಹೊಲಿಗೆಯ ಹಡಗುಗಳ ಕಥೆ ಬೇರೆ. ಬೆಚ್ಚನೆಯ ಕಡಲಿನಲ್ಲಿ ಹಡಗುಹುಳು (ಹೆಸರಿಗೆ ಹುಳು, ನಿಜಕ್ಕೂ ಮೃದ್ವಂಗಿ) ಮರವನ್ನು ಕೊರೆಯುತ್ತದೆ, ನಾರು ಕೊಳೆಯುತ್ತದೆ. ಕೌಂಡಿನ್ಯಕ್ಕೆ ಆಧಾರವಾಗಿ ಸಿಕ್ಕಿದ್ದು ಅಜಂತಾದ ಐದನೆಯ ಶತಮಾನದ ಒಂದು ವರ್ಣಚಿತ್ರ ಮಾತ್ರ. ನಕ್ಷೆಯಿಲ್ಲ, ಅಳತೆಯಿಲ್ಲ. ಕೇರಳದ ಬಾಬು ಶಂಕರನ್ ಅವರ ನೇತೃತ್ವದ ಕುಶಲಕರ್ಮಿಗಳು ಗೋವಾದಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದುಗಳಿಗೆ ರಾಳ ಮೆತ್ತಿದರು. ನೀರಿನಲ್ಲಿ ಹಡಗಿನ ವರ್ತನೆಯನ್ನು ಮದರಾಸಿನ ಐಐಟಿಯ ಸಹಯೋಗದಲ್ಲಿ ಮಾದರಿಯ ಮೂಲಕ ಪರೀಕ್ಷಿಸಲಾಯಿತು.

ಹೊಲಿಗೆ ಏಕೆ? ಅಲೆಯ ನೆತ್ತಿ ಹಡಗಿನ ನಡುವೆ ಬಂದಾಗ ಎರಡು ತುದಿಗಳೂ ಜಗ್ಗುತ್ತವೆ. ನೆತ್ತಿಗಳು ತುದಿಗಳಿಗೆ ಬಂದಾಗ ನಡು ಜಗ್ಗುತ್ತದೆ. ಮೊಳೆ ಹೊಡೆದ ಕೀಲಿನಲ್ಲಿ ಈ ಬಲವೆಲ್ಲ ಮೊಳೆಯ ಸುತ್ತ ಕೇಂದ್ರೀಕರಿಸುತ್ತದೆ. ಹೊಲಿಗೆಯಾದರೆ ತುಸು ಸಡಿಲಗೊಟ್ಟು, ಬಲವನ್ನು ಉದ್ದಕ್ಕೂ ಹಂಚುತ್ತದೆ. 13ನೆಯ ಶತಮಾನದಲ್ಲಿ ಹೊರ್ಮುಜ್‌ನಲ್ಲಿ ಇಂಥ ಹಡಗುಗಳನ್ನು ಕಂಡ ಮಾರ್ಕೊ ಪೋಲೊ ಇವು ಅಪಾಯಕಾರಿ ಎಂದು ಹೀಗಳೆದಿದ್ದ. ಅವನ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಸಂದುಗಳಲ್ಲಿ ನೀರು ಜಿನುಗುವುದುಂಟು. ಆದರೂ 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಕೌಂಡಿನ್ಯ, ಎಂಜಿನ್ನಿಲ್ಲದೆ ಗಾಳಿಯನ್ನೇ ನಂಬಿ 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು.

ಇಂಥ ಹಡಗನ್ನು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿಬಿಟ್ಟರೆ ಸಾಲದೆಂದು ನನ್ನ ಅನಿಸಿಕೆ. ಹುರಿ ಸವೆದಾಗ ಬಿಚ್ಚಿ ಮತ್ತೆ ಹೊಲಿಯಬೇಕು. ಯಾವ ತೂತಿನಿಂದ ಯಾವ ತೂತಿಗೆ, ಎಷ್ಟು ಬಿಗಿಯಾಗಿ ಎಂಬುದು ಹೊಲಿದವರ ಕೈಗೆ ಗೊತ್ತು. ಮುಂದಿನ ಹೊಲಿಗೆಯ ಹೊತ್ತಿಗೆ ಅವರ ಪಕ್ಕದಲ್ಲಿ ಕುಳಿತು ಕಲಿಯುವ ಹುಡುಗರು ಬೇಕು.